ಸಡಿಲ ತುರುಬು ಧಾರೆ ಮುಗಿಯುವ ತನಕವಾದರೂ ನಿಲ್ಲಬೇಕಾದರೆ

ಪ್ರಶ್ನೆ: ಮದುವೆಮನೆಗೆ ಸಡಿಲವಾಗಿ, ಎಳೆಎಳೆಯಾಗಿ ಕಾಣುವ ತುರುಬು ಹಾಕಿಕೊಂಡಿದ್ದೆ. ಧಾರೆ ಮುಗಿಯುವಷ್ಟರಲ್ಲಿ ಕತ್ತಿಗೆ ಜಾರಿತ್ತು. ಬೆಳಗ್ಗೆಯೇ ಶಾಂಪೂ, ಕಂಡಿಷನರ್ ಹಾಕಿ ತೊಳೆದಿದ್ದೆ. ಪಿನ್ನು ಸಾಲಲಿಲ್ಲವೇ?

ಪಿನ್ನಿನ ತಪ್ಪಲ್ಲ, ಆ ಬೆಳಗಿನ ಸ್ನಾನದ್ದು. ಪ್ರತಿ ಮದುವೆ ಸೀಸನ್ನಿನಲ್ಲೂ ಇದನ್ನೇ ಹೇಳುತ್ತೇನೆ. ಆದರೂ 'ಫಂಕ್ಷನ್ ದಿನ ತೊಳೆದ ಕೂದಲೇ ಚೆನ್ನಾಗಿ ಕೂರುತ್ತದೆ' ಅನ್ನುವ ನಂಬಿಕೆ ಮಾತ್ರ ಅಲ್ಲಾಡುವುದಿಲ್ಲ. ಬಿಟ್ಟ ಕೂದಲಿಗೆ ಅದು ಸರಿ, ತುರುಬಿಗೆ ಅಲ್ಲ.

ಕೂದಲಿನ ಹೊರಪದರದಲ್ಲಿ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸಣ್ಣ ಪೊರೆಗಳಿರುತ್ತವೆ. ಎಳೆಗೆ ಎಳೆ ಉಜ್ಜಿ ಹಿಡಿತ ಸಿಗುವುದು ಅವುಗಳಿಂದಲೇ. ಕಂಡಿಷನರ್ ಇರುವುದೇ ಆ ಉಜ್ಜಾಟವನ್ನು ತಗ್ಗಿಸಲು. ಸಿಕ್ಕು ಬಿಡಿಸಲು ಅದು ಬೇಕು. ಆದರೆ ಸಿಕ್ಕೇ ಆಗದ ಕೂದಲಲ್ಲಿ ತುರುಬು ಯಾವ ಆಧಾರದ ಮೇಲೆ ನಿಲ್ಲಬೇಕು? ಮೇಲಿಂದ ಸ್ಪ್ರೇ ಸುರಿದರೂ ಬಿಗಿಯುವುದು ಹೊರಗಿನ ಪದರ ಮಾತ್ರ, ಒಳಗೆ ಜಾರುತ್ತಲೇ ಇರುತ್ತದೆ.

'ಹಾಗಾದರೆ ಜಿಡ್ಡು ತಲೆಯಲ್ಲಿ ಹೋಗಬೇಕೇ?' ಎಂದು ಕೇಳಬೇಡಿ. ಹಿಂದಿನ ದಿನ ತೊಳೆಯಿರಿ, ಆಮೇಲೆ ಎಣ್ಣೆ ಮುಟ್ಟಬೇಡಿ, ಅಷ್ಟೇ. ಮದುಮಗಳಿಗೆ ಮಂಗಳಸ್ನಾನ ತಪ್ಪಿಸಲಾಗದು. ಅವಳು ಕಂಡಿಷನರನ್ನು ತುದಿಗೆ ಮಾತ್ರ ಹಚ್ಚಲಿ, ಒದ್ದೆ ಇರುವಾಗಲೇ ಬುಡಕ್ಕೆ ಸ್ವಲ್ಪ ಮೂಸ್ (ಕೂದಲಿಗೆ ಹಿಡಿತ ಕೊಡುವ ನೊರೆ) ಹಚ್ಚಿ ಡ್ರೈಯರ್‌ನಲ್ಲಿ ಪೂರ್ತಿ ಒಣಗಿಸಲಿ. ಅರೆ ಒದ್ದೆ ಕೂದಲಿಗೆ ಕರ್ಲ್ ನಿಲ್ಲುವುದಿಲ್ಲ, ಕರ್ಲ್ ಮಾಡುವ ಬಿಸಿ ಐರನ್ ತಾಗಿದರೆ ಕೂದಲೂ ಹಾಳು. ಮಂಗಳೂರು, ಉಡುಪಿ ಕಡೆಯ ಸೆಕೆಯಲ್ಲಿ ಗಾಳಿಯ ತೇವಕ್ಕೇ ಕರ್ಲ್ ಬಿಚ್ಚಿಕೊಳ್ಳುತ್ತದೆ, ಅಲ್ಲಿ ಇನ್ನಷ್ಟು ಎಚ್ಚರ.

ಕಟ್ಟುವಾಗ ಮೊದಲು ಮುಂಗುರುಳಿಗೆ ಬೇಕಾದಷ್ಟು ಎಳೆ ಬಿಟ್ಟುಕೊಳ್ಳಿ. ಉಳಿದದ್ದನ್ನು ಹಿಂದೆ ರಬ್ಬರ್ ಬ್ಯಾಂಡಿನಿಂದ ಬಿಗಿಯಾಗಿ ಕಟ್ಟಿ. ಹೌದು, ಬಿಗಿಯಾಗಿಯೇ. ಸಡಿಲ ಕಾಣಬೇಕಾದದ್ದು ಮೇಲುಗಡೆ, ಬುಡವಲ್ಲ. ಕರ್ಲ್ ಮಾಡಿ, ಪೂರ್ತಿ ತಣ್ಣಗಾಗುವವರೆಗೆ ಬೆರಳು ಹಾಕಬೇಡಿ. ಆಮೇಲೆ ಒಂದೊಂದೇ ಎಳೆ ತಿರುಚಿ ಬ್ಯಾಂಡಿನ ಸುತ್ತ ಪಿನ್ ಮಾಡಿ. ಪಿನ್ನಿನ ಅಂಕುಡೊಂಕು ಕಾಲು ನೆತ್ತಿಯ ಕಡೆಗಿರಲಿ. ಅನೇಕರು ತಿರುಗಾಮುರುಗಾ ಹಾಕಿ, ಇನ್ನೂ ಹತ್ತು ಪಿನ್ ತುರುಕುತ್ತಾರೆ. ಒಂದರ ಮೇಲೊಂದು ಅಡ್ಡ ಹಾಕಿದ ಎರಡೇ ಪಿನ್ ಅವೆಲ್ಲಕ್ಕಿಂತ ಗಟ್ಟಿ ಹಿಡಿಯುತ್ತವೆ. ಕೊನೆಯಲ್ಲಿ ಒಂದು ಕೈಯಲ್ಲಿ ಬುಡ ಒತ್ತಿ ಹಿಡಿದು, ಇನ್ನೊಂದರಿಂದ ಅಲ್ಲಲ್ಲಿ ಎಳೆಗಳನ್ನು ಚೂರುಚೂರೇ ಹೊರಗೆಳೆಯಿರಿ.

ನೀವು ಕೇಳಲಿಲ್ಲ, ಆದರೂ ಮಲ್ಲಿಗೆಯ ವಿಷಯ ಹೇಳದೆ ಬಿಡಲಾರೆ. ಇಷ್ಟು ಅಕ್ಕರೆಯಿಂದ ಕಟ್ಟಿದ ತುರುಬಿಗೆ ನೀರು ಚಿಮುಕಿಸಿದ ದಂಡೆಯನ್ನು ಹಾಗೇ ನೇತುಹಾಕಿದರೆ ಭಾರಕ್ಕೆ ಎಲ್ಲವೂ ಕೆಳಗಿಳಿಯುತ್ತದೆ. ಮೊದಲು ನೀರು ಕೊಡವಿ. ದಂಡೆಯನ್ನು ಹೊರಗೆಳೆದ ಎಳೆಗಳಿಗೆ ಸಿಕ್ಕಿಸದೆ ಬುಡದ ಬ್ಯಾಂಡಿಗೇ ಯು ಪಿನ್ನಿನಿಂದ ಸಿಕ್ಕಿಸಿ. ಉಡುಪಿ ಮಲ್ಲಿಗೆಯಾದರೆ ಬಾಳೆನಾರಿನಲ್ಲಿ ಕಟ್ಟಿರುತ್ತಾರೆ. ಪಿನ್ ಆ ನಾರಿನ ಮೇಲೆ ಹಾದುಹೋಗಲಿ, ಹೂವಿಗೆ ಚುಚ್ಚಬೇಡಿ.