ಒಟ್ಟಿಗೆ ಆರು ಕೋಡ್ ಬಂದರೆ ಇಸಿಎಂ ಹೋಯಿತು ಅಂತಲೇ?

ಪ್ರಶ್ನೆ: ಚೆಕ್ ಎಂಜಿನ್ ದೀಪ ಹತ್ತಿಕೊಂಡಿದೆ. ಸ್ಕ್ಯಾನರ್ ಹಾಕಿದರೆ ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು), ಥ್ರಾಟಲ್, ಆಕ್ಸಿಲರೇಟರ್ ಪೆಡಲ್, ಎಸಿ ಪ್ರೆಶರ್ ಅಂತ ಒಟ್ಟಿಗೆ ಆರು ದೋಷದ ಕೋಡ್ ಬಂದಿವೆ. "ಇಷ್ಟು ಸೆನ್ಸರ್ ಒಂದೇ ದಿನ ಕೆಡೋದಿಲ್ಲ, ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಹೋಗಿದೆ" ಅನ್ನುತ್ತಿದ್ದಾರೆ. ಬೇರೆ ಗಾಡಿಯಿಂದ ಬಿಚ್ಚಿದ ಇಸಿಎಂ ಸಿಗುತ್ತದಂತೆ, ಹಾಕಿಸಲೇ?

ಉತ್ತರ: ಈಗಲೇ ಬೇಡ. ಗಾಡಿಯ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಆದ್ದರಿಂದ ಈ ಸಲ ಬುಡದಿಂದ ಬಿಡಿಸಿ ಹೇಳುತ್ತೇನೆ.

ಇಷ್ಟು ಸೆನ್ಸರ್ ಒಂದೇ ದಿನ ಕೆಡುವುದಿಲ್ಲ ಅನ್ನುವ ಮಾತು ಸರಿ. ಅದರ ಹಿಂದೆಯೇ "ಹಾಗಾದರೆ ಇಸಿಎಂ" ಅಂತ ಹಾರುವುದು ತಪ್ಪು. ಸೆನ್ಸರಿಗೂ ಇಸಿಎಂಗೂ ನಡುವೆ ವೈರುಗಳಿವೆ, ಅವುಗಳಲ್ಲಿ ಕೆಲವನ್ನು ಹಲವು ಸೆನ್ಸರುಗಳು ಹಂಚಿಕೊಂಡಿರುತ್ತವೆ. ಮೇಲೆ ಹೇಳಿದ ಬಗೆಯ ಸೆನ್ಸರುಗಳಿಗೆ ಬ್ಯಾಟರಿಯ 12 ವೋಲ್ಟ್ ನೇರ ಹೋಗುವುದಿಲ್ಲ. ಇಸಿಎಂ ಅದನ್ನು ತನ್ನೊಳಗೆ 5 ವೋಲ್ಟಿಗೆ ಇಳಿಸಿ, ಸಾಮಾನ್ಯವಾಗಿ ಒಂದೇ ಲೈನಿನಿಂದ ಮೂರು ನಾಲ್ಕು ಸೆನ್ಸರಿಗೆ ಕೊಡುತ್ತದೆ. ಅವುಗಳಲ್ಲಿ ಒಂದೇ ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೆ ಲೈನ್ ಪೂರ್ತಿ ಕುಸಿಯುತ್ತದೆ, ಉಳಿದ ಆರೋಗ್ಯವಂತ ಸೆನ್ಸರುಗಳೂ ತಪ್ಪು ಲೆಕ್ಕ ಹೇಳುತ್ತವೆ. ಒಂದು ಕಡೆ ಪೈಪ್ ಒಡೆದು ಯಾವ ಮನೆಗೂ ನೀರು ಏರದಿದ್ದಾಗ ಟ್ಯಾಂಕ್ ಬದಲಾಯಿಸುವವರಿಲ್ಲ. ಗಾಡಿಯಲ್ಲಿ ಮಾತ್ರ ಅದನ್ನೇ ಮಾಡುತ್ತಾರೆ.

ಇದನ್ನು ಪರೀಕ್ಷಿಸಲು ಒಂದು ಮಲ್ಟಿಮೀಟರ್ ಸಾಕು. ಕೀ ಆನ್ ಇರಲಿ, ಎಂಜಿನ್ ಆಫ್ ಇರಲಿ. ಮೀಟರಿನ ಕಪ್ಪು ಮೊನೆ ಬ್ಯಾಟರಿಯ ಮೈನಸ್‌ಗೆ, ಕೆಂಪು ಮೊನೆ ಯಾವುದಾದರೊಂದು ಸೆನ್ಸರ್ ಕಪ್ಲರಿನ (ವೈರು ಸಿಕ್ಕಿಸುವ ಪ್ಲಗ್ಗಿನ) 5 ವೋಲ್ಟ್ ವೈರಿಗೆ. ಯಾವ ವೈರ್ ಅನ್ನುವುದನ್ನು ಆ ಗಾಡಿಯ ವೈರಿಂಗ್ ಡಯಾಗ್ರಂ ನೋಡಿಯೇ ಹಿಡಿಯಿರಿ, ಬಣ್ಣ ನೋಡಿ ಊಹಿಸಬೇಡಿ. 4.9ರಿಂದ 5.1 ಬಂದರೆ ಆ ಲೈನ್ ಚೆನ್ನಾಗಿದೆ. 0.3 ಅಂತಲೋ 1.2 ಅಂತಲೋ ತೋರಿಸಿದರೆ ಮೀಟರನ್ನು ಹಾಗೇ ಇಟ್ಟು, ಆ ಲೈನಿನ ಸೆನ್ಸರುಗಳ ಕಪ್ಲರನ್ನು ಒಂದೊಂದಾಗಿ ಕಳಚುತ್ತಾ ಬನ್ನಿ. ಒಂದು ಕಪ್ಲರ್ ಕಳಚಿದ ತಕ್ಷಣ ಅಂಕಿ 5ಕ್ಕೆ ನೆಗೆಯಿತೇ? ಕೈಯಲ್ಲಿರುವ ಕಪ್ಲರಿನ ಸೆನ್ಸರೇ ಕಳ್ಳ. ಆರು ಕೋಡೂ ಅದೊಂದರದ್ದೇ ಕೆಲಸ.

ಎಲ್ಲ ಕಳಚಿದರೂ ಅಂಕಿ ಏಳದಿದ್ದರೆ? ಆಗಲೂ ಇಸಿಎಂ ಮೇಲೆ ಬೆರಳು ತೋರಿಸಬೇಡಿ. ಕೀ ಆಫ್ ಮಾಡಿ, ಬ್ಯಾಟರಿ ಮೈನಸ್ ಬಿಚ್ಚಿ, ಇಸಿಎಂ ಕಪ್ಲರ್ ಕಳಚಿ, ಆ 5 ವೋಲ್ಟ್ ವೈರಿಗೂ ಬಾಡಿಗೂ ನಡುವೆ ಓಮ್ ಅಳೆಯಿರಿ. ಸಂಪರ್ಕ ತೋರಿಸಿದರೆ ವೈರ್ ಎಲ್ಲೋ ಸವೆದು ಕಬ್ಬಿಣಕ್ಕೆ ತಾಗಿದೆ. ಹಾರ್ನೆಸ್ (ವೈರಿನ ಕಟ್ಟು) ಬ್ರಾಕೆಟ್ ಮೇಲೆ ಹಾದು ಹೋಗುವ ಜಾಗ, ಸೈಲೆನ್ಸರ್ ಪೈಪಿನ ಹತ್ತಿರ, ಕ್ಲಿಪ್ ಮುರಿದು ಜೋತಾಡುವ ಕಡೆ ಮೊದಲು ಹುಡುಕಿ. ವೈರೂ ಶುದ್ಧ, ಸೆನ್ಸರುಗಳೂ ಕಾರಣವಲ್ಲ, ಇಸಿಎಂಗೆ ಕರೆಂಟ್ ಮತ್ತು ಅರ್ತ್ ಎರಡೂ ಸರಿ, ಆದರೂ 5 ವೋಲ್ಟ್ ಹೊರಗೆ ಬರುತ್ತಿಲ್ಲ ಅಂದಾಗ ಮಾತ್ರ ಇಸಿಎಂ ಕೆಟ್ಟಿದೆ ಎನ್ನಬಹುದು.

ಕರೆಂಟ್ ಮತ್ತು ಅರ್ತ್ ಸರಿ ಅಂದೆ. ಅದನ್ನು ಓಮ್ ಮೀಟರಿನಲ್ಲಿ ನೋಡಿ ಸರಿ ಅನ್ನುವವರೇ ಹೆಚ್ಚು. ವೈರಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಓಮ್ ಮೀಟರ್ ಹೆಚ್ಚುಕಡಿಮೆ ಸೊನ್ನೆಯನ್ನೇ ತೋರಿಸುತ್ತದೆ, ಆದರೆ ಆ ಎಳೆ ಲೋಡ್ ತಡೆಯುವುದಿಲ್ಲ. ಇಸಿಎಂ ಕಪ್ಲರ್ ಕಳಚಿ, ಮುಖ್ಯ ಸಪ್ಲೈ ಪಿನ್ನಿಗೂ ಅರ್ತ್ ಪಿನ್ನಿಗೂ ನಡುವೆ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಹಾಕಿ. ಸಪ್ಲೈ ಮೇನ್ ರಿಲೇ ಮೂಲಕ ಬರುವ ಗಾಡಿಯಲ್ಲಿ ಆ ರಿಲೇ (ಕರೆಂಟ್ ಹಾಯಿಸುವ ಸ್ವಿಚ್) ಆನ್ ಆಗಿರಬೇಕು. ಬಲ್ಬ್ ಪ್ರಕಾಶವಾಗಿ ಉರಿದರೆ ಸರಿ, ಮಂಕಾದರೆ ಫ್ಯೂಸ್, ರಿಲೇ, ಅರ್ತ್ ಬೋಲ್ಟ್ ನೋಡಿ. ಎಲ್ಲ ಜೋಡಿಸಿ ಎಂಜಿನ್ ಓಡುವಾಗ ಹೆಡ್‌ಲೈಟ್, ಬ್ಲೋವರ್ ಹಾಕಿ, ಇಸಿಎಂನ ಅರ್ತ್ ಪಿನ್ನಿಗೂ ಬ್ಯಾಟರಿ ಮೈನಸ್‌ಗೂ ನಡುವಿನ ವೋಲ್ಟ್ ಅಳೆಯಿರಿ. 0.1ಕ್ಕಿಂತ ಹೆಚ್ಚು ಬಂದರೆ ಅರ್ತ್ ಬೋಲ್ಟ್ ಬಿಚ್ಚಿ ತುಕ್ಕು, ಬಣ್ಣ ಕೆರೆದು ಬಿಗಿ ಮಾಡಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಇಳಿದರೆ ಮೊದಲು ಅದನ್ನು ಸರಿಪಡಿಸಿ, ಆಮೇಲೆ ಕೋಡ್ ಓದಿ.

ಪಿ0601, ಪಿ0604, ಪಿ0605, ಪಿ0606 ಬಂದರೆ ಇಸಿಎಂ ತನ್ನದೇ ಮೆಮೊರಿ, ಪ್ರೊಸೆಸರ್ ಬಗ್ಗೆ ದೂರುತ್ತಿದೆ. ಇಲ್ಲೂ ಮೇಲಿನ ಪರೀಕ್ಷೆ ಮುಗಿಸಿ, ಕೋಡ್ ಅಳಿಸಿ, ಮತ್ತೆ ಬಂದರೆ ಮಾತ್ರ ನಂಬಿ. ಸ್ಕ್ಯಾನರಿಗೆ ಇಸಿಎಂ ಉತ್ತರವನ್ನೇ ಕೊಡದೆ ಯು0100 ಬಂದರೆ, ಬ್ಯಾಟರಿ ಬಿಚ್ಚಿ ಸ್ಕ್ಯಾನರ್ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಓಮ್ ನೋಡಿ. ಸಾಕೆಟ್ ನೇರವಾಗಿ ಕ್ಯಾನ್ ಲೈನಿಗೆ (ಗಾಡಿಯ ಕಂಪ್ಯೂಟರುಗಳು ಮಾತಾಡಿಕೊಳ್ಳುವ ವೈರಿನ ಜೋಡಿಗೆ) ಸೇರಿರುವ ಗಾಡಿಗಳಲ್ಲಿ ಸುಮಾರು 60 ಬರಬೇಕು. 120 ಬಂದರೆ ಲೈನಿನ ಎರಡು ತುದಿಗಳಲ್ಲಿರುವ ರೆಸಿಸ್ಟರುಗಳಲ್ಲಿ ಒಂದು ಲೈನಿಗೆ ಸೇರಿಲ್ಲ, ಅಂದರೆ ವೈರ್ ಎಲ್ಲೋ ತುಂಡಾಗಿರಬಹುದು.

ಇಸಿಎಂ ನಿಜಕ್ಕೂ ಸುಟ್ಟಿದ್ದರೆ ಸುಟ್ಟವರಾರು ಅಂತ ಹುಡುಕದೆ ಹೊಸದನ್ನು ಕೂರಿಸಬೇಡಿ. ಪೆಟ್ರೋಲ್ ಗಾಡಿಗಳ ಸಾಮಾನ್ಯ ಪೋರ್ಟ್ ಇಂಜೆಕ್ಟರಿನ ಕಾಯಿಲ್ 12ರಿಂದ 16 ಓಮ್ ಇರುತ್ತದೆ. ನಾಲ್ಕರಲ್ಲಿ ಒಂದು 2 ಓಮ್ ತೋರಿಸಿದರೆ ಹಳೆಯ ಇಸಿಎಂನೊಳಗೆ ಇಂಜೆಕ್ಟರ್ ನಡೆಸುವ ಡ್ರೈವರ್ ಸರ್ಕ್ಯೂಟನ್ನು ಸುಟ್ಟಿದ್ದು ಅದೇ. ಹೊಸದನ್ನೂ ಅದು ಬಿಡುವುದಿಲ್ಲ.

ಇನ್ನು ಬೇರೆ ಗಾಡಿಯದ್ದು. ಡಬ್ಬಿಯ ಆಕಾರ, ಕಪ್ಲರ್ ಒಂದೇ ಇದ್ದರೆ ಸಾಲದು. ಸ್ಟಿಕ್ಕರಿನ ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಹೊಂದಬೇಕು, ಗೇರ್ ಮ್ಯಾನುಯಲ್ಲೋ ಆಟೋಮ್ಯಾಟಿಕ್ಕೋ ಅನ್ನುವುದರಿಂದಲೂ ನಂಬರ್ ಬದಲಾಗುತ್ತದೆ. ನಂಬರ್ ಹೊಂದಿದರೂ ಇಮೊಬಿಲೈಸರ್ (ಕಳ್ಳತನ ತಡೆಯುವ ಕೀ ಬೀಗ) ನಿಮ್ಮ ಕೀ ಒಪ್ಪುವುದಿಲ್ಲ: ಎಂಜಿನ್ ಹತ್ತಿ ಒಂದೆರಡು ಸೆಕೆಂಡಿನಲ್ಲಿ ನಿಲ್ಲುತ್ತದೆ, ಇಲ್ಲವೇ ಹತ್ತುವುದೇ ಇಲ್ಲ. ಹಾಗಾದ ಮಾತ್ರಕ್ಕೆ "ಇದೂ ಕೆಟ್ಟದ್ದೇ" ಅಂತ ಹಿಂದಿರುಗಿಸಬೇಡಿ. ಹಳೆಯ ಬೋರ್ಡಿನ ಮೆಮೊರಿಯನ್ನು ಇದಕ್ಕೆ ನಕಲು ಮಾಡಿಸಬೇಕು, ಇಲ್ಲವೇ ಕೀ ಹೊಸದಾಗಿ ಕಲಿಸಬೇಕು. ಆದ್ದರಿಂದ ಹಳೆಯ ಇಸಿಎಂ ಎಸೆಯಬೇಡಿ. ಕಾಮನ್ ರೈಲ್ ಡೀಸೆಲ್ ಗಾಡಿಗಳಲ್ಲಿ ಪ್ರತಿ ಇಂಜೆಕ್ಟರಿನ ತಲೆಯ ಮೇಲೆ ಕೋಡ್ ಇದ್ದರೆ ಅದನ್ನೂ ಸಿಲಿಂಡರ್ ಕ್ರಮದಲ್ಲಿ ತುಂಬಬೇಕು. ಸಾಫ್ಟ್‌ವೇರ್ ಹಾಕುವಷ್ಟು ಹೊತ್ತು ಬ್ಯಾಟರಿಗೆ ಸ್ಥಿರ ವೋಲ್ಟೇಜಿನ ಸಪೋರ್ಟ್ ಯೂನಿಟ್ ಇರಲಿ. ನಡುವೆ ವೋಲ್ಟೇಜ್ ಬಿದ್ದರೆ ಚೆನ್ನಾಗಿದ್ದ ಇಸಿಎಂ ಕೂಡ ಮಾತು ನಿಲ್ಲಿಸಬಹುದು. ಕೊನೆಗೆ ಥ್ರಾಟಲ್ ಮತ್ತು ಐಡ್ಲಿಂಗ್ ಕಲಿಕೆ ಮಾಡಿಸಿ.

ಯಾರೂ ಕೇಳದ ಒಂದು ವಿಷಯ ಉಳಿದಿದೆ. ಕಳಚಿದ ಇಸಿಎಂ ಕಪ್ಲರಿನೊಳಗೆ ಬೆರಳು ಸವರಿ ನೋಡಿ. ಎಣ್ಣೆ ಅಂಟುತ್ತದೆಯೇ? ಎಂಜಿನ್ನಿನಿಂದ ಅಷ್ಟು ದೂರವಿರುವ ಡಬ್ಬಿಗೆ ಎಂಜಿನ್ ಆಯಿಲ್ ಬಂದದ್ದು ವೈರಿನ ಒಳಗಿನಿಂದ. ಆಯಿಲ್ ಪ್ರೆಶರ್ ಸ್ವಿಚ್ಚೋ ಕ್ಯಾಮ್ ಸೊಲೆನಾಯ್ಡೋ ಒಳಗೆ ಸೋರಿದಾಗ, ಆಯಿಲ್ ಆ ಭಾಗದ ಕಪ್ಲರ್ ತುಂಬಿ, ತಾಮ್ರದ ಎಳೆಗಳ ಸಂದಿಯಲ್ಲಿ ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಹರಿಯುತ್ತದೆ. ಹೊರಗಿನ ಪ್ಲಾಸ್ಟಿಕ್ ಒಣಗಿಯೇ ಇರುತ್ತದೆ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಇಸಿಎಂ ತುದಿಯನ್ನು ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ತೊಳೆದರೆ ಕೆಲವು ದಿನ ಗಾಡಿ ಚೆನ್ನಾಗಿ ಓಡಿ, ಆಯಿಲ್ ಮತ್ತೆ ಬರುತ್ತದೆ. ಸೋರುವ ಸ್ವಿಚ್ ಬದಲಾಯಿಸಿ, ಅದರ ಕಪ್ಲರಿಗೆ ಬರುವ ವೈರುಗಳನ್ನೂ ಹೊಸದು ಹಾಕಿಸಿ, ಎರಡು ವಾರ ಬಿಟ್ಟು ಇಸಿಎಂ ಕಪ್ಲರನ್ನು ಇನ್ನೊಮ್ಮೆ ಕಳಚಿ ಬೆರಳು ಸವರಿ.