ಹೊಸ ಪಾಠಕ್ಕಿಂತ ಹಳೆಯ ಪಾಠ

ಮಗನನ್ನು ಕುರ್‌ಆನ್ ಬಾಯಿಪಾಠ ಮಾಡಿಸುವ ಹಿಫ್ಜ್ ತರಗತಿಗೆ ಸೇರಿಸಲು ಬರುವ ದಾವಣಗೆರೆಯ ತಂದೆ ತಾಯಂದಿರು ನನ್ನನ್ನು ಮೊದಲು ಕೇಳುವುದು, ‘ಎಷ್ಟು ವರ್ಷಕ್ಕೆ ಮುಗಿಯುತ್ತದೆ ಹಜರತ್?’ ಎಂದು. ಕುರ್‌ಆನಿನ 30 ಪಾರಾ (ಭಾಗ)ಗಳನ್ನು, ಅಂದರೆ 114 ಸೂರಾ (ಅಧ್ಯಾಯ)ಗಳಲ್ಲಿರುವ ಆರು ಸಾವಿರಕ್ಕೂ ಹೆಚ್ಚು ಆಯತ್ (ವಾಕ್ಯ)ಗಳನ್ನು, ಮೂರು ವರ್ಷಗಳಲ್ಲಿ ಬಾಯಿಪಾಠ ಮಾಡುವ ಮಕ್ಕಳಿದ್ದಾರೆ. ಆದರೆ ಹಿಫ್ಜ್ ಎಂಬ ಅರಬ್ಬಿ ಪದದ ಅರ್ಥವೇ ಕಾಪಾಡುವುದು, ಮತ್ತು ಕಾಪಾಡುವ ಕೆಲಸಕ್ಕೆ ಮುಗಿಯುವ ದಿನವಿಲ್ಲ. ಕಟ್ಟಿಹಾಕದಿದ್ದರೆ ಒಂಟೆ ಹೇಗೆ ತಪ್ಪಿಸಿಕೊಂಡು ಹೋಗುತ್ತದೆಯೋ ಕುರ್‌ಆನ್ ಕೂಡ ನೆನಪಿನಿಂದ ಹಾಗೆಯೇ ಹೋಗುತ್ತದೆ ಎಂದು ಪ್ರವಾದಿಯವರು ಎಚ್ಚರಿಸಿದ್ದಾರೆ. ಆದ್ದರಿಂದಲೇ ನಾವು ಹೊಸ ಸಬಕ್ (ಪಾಠ) ಕೇಳಿದ ಮೇಲೆ ಈಚಿನ ದಿನಗಳ ಪಾಠವನ್ನೂ, ಅದಾದ ಮೇಲೆ ಹಳೆಯ ಪಾರಾಗಳನ್ನೂ ಪ್ರತಿದಿನ ಹೇಳಿಸುತ್ತೇವೆ. ಹಳೆಯದು ಸಡಿಲವಾಗಿದ್ದರೆ ಅಂದು ನಾನು ಹೊಸ ಸಬಕ್ ಕೊಡುವುದಿಲ್ಲ.

ಇಲ್ಲಿನ ಮಕ್ಕಳ ಮನೆಮಾತು ದಖನಿ ಉರ್ದು, ಶಾಲೆಯ ಮಾತು ಬಹುಪಾಲು ಕನ್ನಡ. ಗಂಟಲಿನ ಆಳದಿಂದ ಹೊರಡಬೇಕಾದ ‘ಕಾಫ್’ ಅಕ್ಷರ ದಖನಿ ನಾಲಗೆಯಲ್ಲಿ ‘ಖ’ ಆಗಿಬಿಡುತ್ತದೆ. ಅರಬ್ಬಿಯ ಸೀನ್, ಸ್ವಾದ್, ಸಾ ಎಂಬ ಮೂರು ಬೇರೆ ಬೇರೆ ಧ್ವನಿಗಳು ಒಂದೇ ‘ಸ’ಕಾರದಲ್ಲಿ ಕರಗುತ್ತವೆ. ಆಳದ ಕಾಫ್‌ನಿಂದ ನುಡಿದರೆ ‘ಹೃದಯ’ ಎಂದಾಗುವ ಕಲ್ಬ್, ಸಾಮಾನ್ಯ ಕಕಾರದಿಂದ ನುಡಿದರೆ ‘ನಾಯಿ’ ಆಗುತ್ತದೆ. ಇದನ್ನು ಪುಟ ನೋಡಿ ತಿದ್ದಿಕೊಳ್ಳಲಾಗದು, ಉಸ್ತಾದರ ಬಾಯಿಯನ್ನೇ ನೋಡಬೇಕು. 633ರ ಸುಮಾರಿಗೆ ಯಮಾಮಾ ಯುದ್ಧದಲ್ಲಿ ಅನೇಕ ಕಂಠಪಾಠಿಗಳು ಮಡಿದಾಗ ಖಲೀಫ ಅಬೂಬಕ್ಕರ್ ಅವರು ಜೈದ್ ಬಿನ್ ಸಾಬಿತ್ ಅವರಿಂದ ಗ್ರಂಥವನ್ನು ಬರಹದಲ್ಲಿ ಒಟ್ಟುಗೂಡಿಸಿದರು. ಬರಹ ಬಂದ ಮೇಲೂ ಬಾಯಿಂದ ಬಾಯಿಗೆ ಬರುವ ಪಾಠ ನಿಲ್ಲಲಿಲ್ಲ.

ಈ ಸಂಪ್ರದಾಯ ನಮ್ಮದಷ್ಟೇ ಅಲ್ಲವೆಂಬುದನ್ನು ನಾನು ದೊಡ್ಡ ಮಕ್ಕಳಿಗೆ ತಪ್ಪದೆ ಹೇಳುತ್ತೇನೆ. ಓದುವುದು ಎಂಬ ಅರ್ಥದ ಯಾವ ಧಾತುವಿನಿಂದ ಕುರ್‌ಆನ್ ಎಂಬ ಹೆಸರು ಬಂದಿದೆಯೋ, ಯೆಹೂದ್ಯರು ತಮ್ಮ ಗ್ರಂಥವನ್ನು ಕರೆಯುವ ‘ಮಿಕ್ರಾ’ ಎಂಬ ಹೀಬ್ರೂ ಹೆಸರಿಗೂ ಅದೇ ಮೂಲ. ನಾವು ಜಬೂರ್ ಎಂದು ಗೌರವಿಸುವ ದಾವೂದರ (ಬೈಬಲಿನ ದಾವೀದನ) ಕೀರ್ತನೆಗಳು 150. ಅವೆಲ್ಲವನ್ನೂ ಬಾಯಿಪಾಠ ಬಲ್ಲವನನ್ನೇ ಬಿಷಪ್ ಮಾಡಬೇಕೆಂದು 787ರ ಕ್ರೈಸ್ತರ ನೈಸಿಯಾ ಮಹಾಸಭೆ ವಿಧಿಸಿತ್ತು. 136ನೆಯ ಕೀರ್ತನೆಯ 26 ಚರಣಗಳಲ್ಲೂ ದೇವರ ಕೃಪೆ ಶಾಶ್ವತವೆಂಬ ಪಲ್ಲವಿಯಿದೆ. ಸೂರಾ ರಹಮಾನ್‌ನಲ್ಲಿ ‘ನಿಮ್ಮ ಪ್ರಭುವಿನ ಯಾವ ಅನುಗ್ರಹವನ್ನು ಅಲ್ಲಗಳೆಯುವಿರಿ’ ಎಂಬ ಸಾಲು 31 ಬಾರಿ ಬರುತ್ತದೆ. ಕೇಳುವವರಿಗೆ ಇಂಪಾದ ಈ ಆವೃತ್ತಿಯೇ ಹೇಳುವವನಿಗೆ ಕಷ್ಟ: ಒಂದೇ ಸಾಲಿನಿಂದ ಅಷ್ಟು ದಾರಿಗಳು ಕವಲೊಡೆಯುತ್ತವೆ, ಮಗು ಮುಂದಿನದನ್ನು ಬಿಟ್ಟು ಹಿಂದಿನದಕ್ಕೆ ಮರಳಿಬಿಡುತ್ತದೆ.

ರಂಜಾನಿನ ರಾತ್ರಿಯ ತರಾವೀಹ್ ನಮಾಜಿನಲ್ಲಿ, ಕುರ್‌ಆನ್ ಬಾಯಿಪಾಠ ಬಲ್ಲ ಹಾಫಿಜರ ಹಿಂದೆ ಇನ್ನೊಬ್ಬ ಹಾಫಿಜರು ನಿಂತಿರುವುದು ಇದಕ್ಕಾಗಿಯೇ. ತಪ್ಪಿದ ಪದವನ್ನು ಅವರು ಎತ್ತಿಕೊಡುವುದಕ್ಕೆ ‘ಲುಕ್ಮಾ’, ಅಂದರೆ ತುತ್ತು, ಎಂದು ಹೆಸರು. ಸ್ವರಚಿಹ್ನೆಗಳಿಲ್ಲದ ತೋರಾ ಧರ್ಮಗ್ರಂಥದ ಸುರುಳಿಯನ್ನು ಯೆಹೂದ್ಯರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಓದುವವನ ಪಕ್ಕದಲ್ಲೂ, ತಪ್ಪಿದ ಉಚ್ಚಾರವನ್ನು ಅಲ್ಲಿಯೇ ತಿದ್ದಲು ಒಬ್ಬರು ನಿಂತಿರುತ್ತಾರೆ.