ಮಾತ್ರೆ ಪೊಟ್ಟಣದೊಳಗಿನ ಆ ಮಡಿಸಿದ ಚೀಟಿ

ಗರ್ಭನಿರೋಧಕ ಮಾತ್ರೆಯ ಪೊಟ್ಟಣ ತೆರೆದರೆ ಹತ್ತಾರು ಮಡಿಕೆಯ ತೆಳ್ಳನೆಯ ಕಾಗದವೊಂದು ಸಿಗುತ್ತದೆ. ಇರುವೆ ಸಾಲಿನಂಥ ಅಕ್ಷರ. ಓದದೆ ಕಸದಬುಟ್ಟಿಗೆ ಹಾಕುವವರೇ ಹೆಚ್ಚು. ಆದರೆ ಆ ಚೀಟಿ ಸುಮ್ಮನೆ ಬಂದದ್ದಲ್ಲ, ಹೆಂಗಸರು ಎದ್ದು ನಿಂತು ಕೇಳಿದ್ದರಿಂದ ಬಂದದ್ದು.

ಮಾತ್ರೆಯ ದೊಡ್ಡ ಪ್ರಯೋಗ ಶುರುವಾದದ್ದು 1956ರಲ್ಲಿ, ಪೋರ್ಟೊ ರಿಕೊ ದ್ವೀಪದ ಬಡ ಹೆಂಗಸರ ಮೇಲೆ. ತಾವು ಪ್ರಯೋಗಕ್ಕೆ ಒಳಗಾಗಿದ್ದೇವೆ ಎಂಬುದೇ ಅವರಲ್ಲಿ ಅನೇಕರಿಗೆ ಗೊತ್ತಿರಲಿಲ್ಲ. ಅಲ್ಲಿ ಉಸ್ತುವಾರಿ ನೋಡುತ್ತಿದ್ದ ವೈದ್ಯೆ ಎಡ್ರಿಸ್ ರೈಸ್-ರೇ ಬಸಿರು ತಡೆಯುವುದರಲ್ಲಿ ಮಾತ್ರೆ ಗಟ್ಟಿ ಎಂದು ಒಪ್ಪಿದರು. ಆದರೆ ನೂರಕ್ಕೆ 17 ಮಂದಿಗೆ ತಲೆಸುತ್ತು, ವಾಂತಿ, ತಲೆನೋವು ಬರುತ್ತಿದೆ, ಇದು ಎಲ್ಲರಿಗೂ ಒಗ್ಗುವಂಥದ್ದಲ್ಲ ಎಂದೂ ಬರೆದರು. ಸಂಶೋಧನೆಯ ಮುಂದಾಳು ಗ್ರೆಗರಿ ಪಿಂಕಸ್ ಅದನ್ನು ಮನಸ್ಸಿನ ಭ್ರಮೆಯೆಂದು ಬದಿಗೊತ್ತಿದರು. 1960ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 'ಎನೋವಿಡ್' ಮಾತ್ರೆಗೆ ಗರ್ಭನಿರೋಧಕವಾಗಿ ಒಪ್ಪಿಗೆ ಕೊಟ್ಟಿತು. ಅದರಲ್ಲಿದ್ದ ಈಸ್ಟ್ರೊಜೆನ್ ಎಂಬ ಹಾರ್ಮೋನು ಸುಮಾರು 150 ಮೈಕ್ರೊಗ್ರಾಂ. ಇಂದಿನ ಬಹುಪಾಲು ಮಾತ್ರೆಗಳಲ್ಲಿ 20ರಿಂದ 35. ಆ ಹೆಂಗಸರು ಹೇಳಿದ ಸಂಕಟ ಭ್ರಮೆಯಲ್ಲ, ಡೋಸೇ ವಿಪರೀತವಾಗಿತ್ತು.

ಮಾತ್ರೆ ನುಂಗುವವರಲ್ಲಿ ರಕ್ತ ಹೆಪ್ಪುಗಟ್ಟುವ ಪ್ರಕರಣಗಳು ಒಂದೊಂದೇ ಬೆಳಕಿಗೆ ಬಂದವು. 1970ರಲ್ಲಿ ಸೆನೆಟರ್ ಗೇಲಾರ್ಡ್ ನೆಲ್ಸನ್ ಅಮೆರಿಕದ ಸಂಸತ್ತಿನಲ್ಲಿ ವಿಚಾರಣೆ ನಡೆಸಿದರು. ಸಾಕ್ಷಿ ಹೇಳಲು ವೈದ್ಯರನ್ನೂ ವಿಜ್ಞಾನಿಗಳನ್ನೂ ಕರೆಸಿದ್ದರು, ಮಾತ್ರೆ ತೆಗೆದುಕೊಳ್ಳುವ ಒಬ್ಬ ಹೆಂಗಸನ್ನೂ ಕರೆದಿರಲಿಲ್ಲ. ಪ್ರೇಕ್ಷಕರ ಸಾಲಿನಲ್ಲಿದ್ದ ಯುವತಿಯರು ಎದ್ದು, ನಮಗೇಕೆ ಹೇಳಲಿಲ್ಲ ಎಂದು ಕೂಗಿ ಕೇಳಿದರು. ಅದೇ ವರ್ಷ, ಅಪಾಯಗಳನ್ನು ಬಳಸುವವರಿಗೇ ತಿಳಿಸುವ ಚೀಟಿ ಕಡ್ಡಾಯವಾಯಿತು.

ಮಾತ್ರೆಗೆ ಹೆದರಿದವರು ಗರ್ಭಕೋಶದೊಳಗೆ ಇಡುವ ವಂಕಿಯತ್ತ ಹೊರಳಿದರು. 1971ರಲ್ಲಿ ಮಾರುಕಟ್ಟೆಗೆ ಬಂದ 'ಡಾಲ್ಕನ್ ಶೀಲ್ಡ್' ವಂಕಿಯ ದೋಷ ಅದರ ದಾರದಲ್ಲಿತ್ತು. ನೂರಾರು ಸಣ್ಣ ಎಳೆಗಳನ್ನು ಒಂದು ಕವಚದೊಳಗೆ ಸೇರಿಸಿ ಆ ದಾರ ಮಾಡಿದ್ದರು, ತುದಿ ಮುಚ್ಚಿರಲಿಲ್ಲ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಅದು ರೋಗಾಣುಗಳನ್ನು ಮೇಲಕ್ಕೆ ಒಯ್ದಿತು. ಸೋಂಕಿನಿಂದ ಕೆಲವರು ಸತ್ತರು, ಎಷ್ಟೋ ಜನ ಮತ್ತೆ ತಾಯಿಯಾಗಲಿಲ್ಲ. 1974ರಲ್ಲಿ ಮಾರಾಟ ನಿಂತಿತು. ಇಂದಿನ ಕಾಪರ್-ಟಿಗೆ ಇರುವುದು ಒಂದೇ ಎಳೆಯ ನಯವಾದ ದಾರ. ಆದರೂ 'ವಂಕಿ ಹಾಕಿಸಿದರೆ ಸೋಂಕು ಗ್ಯಾರಂಟಿ' ಎಂಬ ಭಯ ಬಾಯಿಂದ ಬಾಯಿಗೆ ಉಳಿದುಬಂದಿದೆ. ನನಗೆ ಬೇಸರವಾಗುವುದು ಇಲ್ಲೇ, ಹತ್ತು ವರ್ಷ ಕೆಲಸ ಮಾಡುವ ಒಂದು ಒಳ್ಳೆಯ ವಿಧಾನ ಹಳೆಯ ಪಾಪದ ಹೊರೆ ಹೊರುತ್ತಿದೆ. ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ, ನೋವು ಹೆಚ್ಚಬಹುದು, ಅದನ್ನು ಮುಚ್ಚಿಡದೆ ಹೇಳಬೇಕು.

'ಸುರಕ್ಷಿತ' ಅನ್ನುವ ಮಾತಿನಲ್ಲಿ ಎರಡು ಪ್ರಶ್ನೆಗಳಿವೆ: ಬಸಿರು ತಡೆಯುತ್ತದೆಯೇ, ಮೈಗೆ ಕೇಡಿಲ್ಲವೇ? ಒಂದು ವರ್ಷ ಕಾಂಡೋಮನ್ನೇ ನೆಚ್ಚಿಕೊಂಡ ನೂರು ಜೋಡಿಗಳಲ್ಲಿ ಸುಮಾರು 13ರಲ್ಲಿ ಹೆಂಗಸು ಬಸಿರಾಗುತ್ತಾಳೆ. ಮಾತ್ರೆಯಲ್ಲಿ ಸುಮಾರು 7, ಹೆಚ್ಚಾಗಿ ಮರೆತದ್ದರಿಂದ. ಕಾಪರ್-ಟಿಯಲ್ಲಿ ಒಂದಕ್ಕೂ ಕಡಿಮೆ. ಆದರೆ ಲೈಂಗಿಕ ಸೋಂಕು ತಡೆಯುವುದು ಕಾಂಡೋಮ್ ಒಂದೇ. ಇನ್ನು ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಯಿಂದ ಹೆಚ್ಚುತ್ತದೆ, ನಿಜ. ಬಸಿರಿನಲ್ಲಿ, ಬಾಣಂತನದಲ್ಲಿ ಅದಕ್ಕಿಂತಲೂ ಹೆಚ್ಚು. ಮಾತ್ರೆಗೆ ಹೆದರಿ ಏನನ್ನೂ ಬಳಸದಿರುವುದು ಸುರಕ್ಷಿತವೆಂದು ತಿಳಿಯುವವರು ಈ ಲೆಕ್ಕವನ್ನು ಮರೆಯುತ್ತಾರೆ.

1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಶ್ನೆಯನ್ನೇ ತಿದ್ದಿತು: ಯಾವುದು ಸುರಕ್ಷಿತ ಎಂದಲ್ಲ, ಯಾರಿಗೆ ಯಾವುದು ಸುರಕ್ಷಿತ? ಒಬ್ಬೊಬ್ಬರ ಆರೋಗ್ಯಸ್ಥಿತಿಗೂ ಒಂದೊಂದು ವಿಧಾನಕ್ಕೂ 1ರಿಂದ 4ರವರೆಗೆ ಅಂಕ ಕೊಟ್ಟಿತು. 1 ಎಂದರೆ ಧಾರಾಳವಾಗಿ ಬಳಸಿ, 4 ಎಂದರೆ ಬೇಡವೇ ಬೇಡ. 35 ದಾಟಿ ದಿನಕ್ಕೆ 15 ಸಿಗರೇಟು ಸೇದುವವರಿಗೆ, ಕಣ್ಣಮುಂದೆ ಮಿಂಚಿದಂತಾಗಿ ಅರೆತಲೆನೋವು ಬರುವವರಿಗೆ ಈಸ್ಟ್ರೊಜೆನ್ ಇರುವ ಮಾತ್ರೆ 4. ಹೆರಿಗೆಯಾಗಿ ಆರು ವಾರ ತುಂಬದ, ಹಾಲೂಡಿಸುವ ತಾಯಿಗೂ ಅಷ್ಟೇ. ಅವರಿಗೇ ಕಾಪರ್-ಟಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಬಾಣಂತಿಗೆ ಮಾತ್ರ ಹೆರಿಗೆಯಾದ 48 ಗಂಟೆಯೊಳಗೆ, ಇಲ್ಲವೇ ನಾಲ್ಕು ವಾರ ಕಳೆದ ಮೇಲೆ. ಹಾಗಾಗಿ ಅಕ್ಕನಿಗೆ ಒಗ್ಗಿದ ಮಾತ್ರೆಯನ್ನು ತಂಗಿ ಕೇಳದೆ ನುಂಗುವುದು ಬೇಡ. ಬಿ.ಪಿ. ನೋಡಿಸಿ, ಇರುವ ಕಾಯಿಲೆ, ನುಂಗುವ ಬೇರೆ ಔಷಧ ಎಲ್ಲವನ್ನೂ ವೈದ್ಯರಿಗೆ ಹೇಳಿ.

ಗಂಡಸರ ಪಾಲಿಗೆ ಇಂದಿಗೂ ಇರುವುದು ಮುಖ್ಯವಾಗಿ ಎರಡೇ, ಕಾಂಡೋಮ್ ಮತ್ತು ವ್ಯಾಸೆಕ್ಟಮಿ, ಅಂದರೆ ವೀರ್ಯನಾಳ ಕತ್ತರಿಸುವ ಶಸ್ತ್ರಚಿಕಿತ್ಸೆ. ಹೆಂಗಸಿನ ಸಂತಾನಹರಣ ಶಸ್ತ್ರಚಿಕಿತ್ಸೆಗಿಂತ ವ್ಯಾಸೆಕ್ಟಮಿ ಸಣ್ಣದು, ಅಪಾಯವೂ ಕಡಿಮೆ. ಆದರೆ ಸುಮಾರು ಮೂರು ತಿಂಗಳ ನಂತರ ವೀರ್ಯ ಪರೀಕ್ಷೆಯಾಗುವವರೆಗೆ ಬೇರೆ ವಿಧಾನ ಬಿಡುವಂತಿಲ್ಲ.

ಮತ್ತೆ ಆ ಚೀಟಿಗೆ ಬರೋಣ. ಅದರಲ್ಲಿ ಮೊದಲು ಹುಡುಕಬೇಕಾದ್ದು ಎಚ್ಚರಿಕೆಯ ಸಾಲುಗಳನ್ನು: ಒಂದೇ ಕಾಲಿನಲ್ಲಿ ಊತ, ನೋವು, ಎದೆನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಹಿಂದೆಂದೂ ಕಾಣದ ತಲೆನೋವು, ಕಣ್ಣು ಮಂಜಾಗುವುದು. ಇವುಗಳಲ್ಲಿ ಯಾವುದೊಂದು ಕಂಡರೂ ಮಾತ್ರೆ ನಿಲ್ಲಿಸಿ, ಅಂದೇ ಆಸ್ಪತ್ರೆಗೆ ಹೋಗಿ. ಚೀಟಿಯನ್ನೂ ಜೊತೆಗೆ ಒಯ್ಯಿರಿ.